ಓಗೊಡಬಾರದ ದನಿಗಳು

ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೇ ಓಗೊಡಬಾರದು ಎಂಬ ಮಾತು ನಮ್ಮಲ್ಲಿ ಹಲವು ಕಡೆ ಇದೆ. ಕುಂದಾಪುರ ಕಡೆಯ ನಮ್ಮ ಅಮ್ಮಮ್ಮ ಅದಕ್ಕೊಂದು ಲೆಕ್ಕ ಇಟ್ಟಿದ್ದರು. "ಒಂದ್ ಸಲ ಕರದ್ರೆ ಓ ಅನ್ಬೇಡಿ. ಮೂರ್ ಸಲ ಕರದ್ರ್ ಮೇಲ್ ಕಾಂಬ." ಮನುಷ್ಯರಾದರೆ ಮತ್ತೆ ಮತ್ತೆ ಕರೆಯುತ್ತಾರೆ, ಆ ಇನ್ನೊಂದು ಜಾತಿಯದು ಒಂದೇ ಸಲ ಕರೆದು ಕಾಯುತ್ತದೆ ಎಂಬುದು ಇದರ ಹಿಂದಿನ ತರ್ಕ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಸಿದ ದೆವ್ವವೂ ಇದೇ ಕುಲದ್ದು. ಅದು ಮನೆಯವರದೇ ದನಿಯಲ್ಲಿ ಕರೆಯುತ್ತಿತ್ತಂತೆ. ಕೋರೆಹಲ್ಲು, ತಿರುಗಿದ ಪಾದ ಯಾವುದೂ ಅದಕ್ಕೆ ಬೇಕಿರಲಿಲ್ಲ. ಗುರುತಿನ ದನಿಯೊಂದು ಸಾಕಿತ್ತು.

ಈ ನಂಬಿಕೆ ಹುಟ್ಟಿದ ಕಾಲದಲ್ಲಿ ದನಿ ಇದ್ದಲ್ಲಿ ಮೈ ಇರಲೇಬೇಕಿತ್ತು. ಆಮೇಲೆ ಗ್ರಾಮಫೋನು ಬಂತು, ರೇಡಿಯೊ ಬಂತು, ಕ್ಯಾಸೆಟ್ಟು ಬಂತು. ಮೈಯಿಲ್ಲದ ದನಿಗಳು ಬಾಗಿಲು ತಟ್ಟದೆ ನೇರ ಒಳಗೆ ಬಂದು ನಡುಮನೆಯಲ್ಲೇ ಕೂತವು. ನಾವ್ಯಾರೂ ಹೆದರಲಿಲ್ಲ. ಅವು ಹಾಡುತ್ತಿದ್ದವು ಎಂಬ ಕಾರಣಕ್ಕೇ ಇರಬೇಕು. ಆದರೂ ಕೆಲವು ಹಾಡುಗಳಲ್ಲಿ ಒಂದೊಂದು ಗಳಿಗೆ ಬರುತ್ತದೆ, ಆಗ ಆ ಹಳೆಯ ಹೆದರಿಕೆ ಬೆನ್ನಹುರಿಯಲ್ಲಿ ತಲೆ ಎತ್ತುತ್ತದೆ. ಇದು ಮೈಯಿಲ್ಲದ ದನಿ ಎಂಬುದು ಥಟ್ಟನೆ ನೆನಪಾಗುತ್ತದೆ. ಇಲ್ಲವೇ ಅದಕ್ಕಿಂತ ಕಷ್ಟದ್ದು: ಇದಕ್ಕೆ ಮೈಯೊಂದು ಇತ್ತು ಎಂಬುದು ನೆನಪಾಗುತ್ತದೆ.

ಹೆದರಿಸಲೆಂದೇ ಮಾಡಿದ ಹಾಡುಗಳು ನನ್ನ ಮಟ್ಟಿಗೆ ಈ ಕೆಲಸ ಮಾಡುವುದು ಕಡಿಮೆ. ನಮ್ಮ ದೆವ್ವದ ಸಿನಿಮಾಗಳ ಸಾಮಾನು ಸರಂಜಾಮು ಎಲ್ಲರಿಗೂ ಗೊತ್ತಿರುವುದೇ: ಗೆಜ್ಜೆ, ಊಳಿಡುವ ನಾಯಿ, ಕಿರ್ರೆನ್ನುವ ಬಾಗಿಲು. 1979ರ 'ನಾ ನಿನ್ನ ಬಿಡಲಾರೆ'ಯನ್ನು ಟಾಕೀಸಿನಲ್ಲಿ ನೋಡಿದವರು ಇವತ್ತಿಗೂ ಅದರ ಹೆಸರೆತ್ತಿದರೆ ಮೈ ಕೊಡವಿಕೊಳ್ಳುತ್ತಾರೆ, ಆದರೆ ಆ ಹೆದರಿಕೆ ಬಹುಪಾಲು ಕಣ್ಣಿನದು. ಇಂಗ್ಲೆಂಡಿನ ಬ್ಲ್ಯಾಕ್ ಸಬತ್ ತಂಡದ ಮೊದಲ ಆಲ್ಬಮ್ ಬಿಡುಗಡೆಯಾದದ್ದು 1970ರ ಫೆಬ್ರವರಿ 13ರಂದು, ಅದೂ ಶುಕ್ರವಾರ. ಮಳೆ, ಗುಡುಗು, ಚರ್ಚಿನ ಗಂಟೆ, ಅದರ ಬೆನ್ನಿಗೆ ಮೂರೇ ಸ್ವರಗಳ ಗಿಟಾರು. ಅದರಲ್ಲಿ ಬರುವ ಸ್ವರಾಂತರವನ್ನು ಯೂರೋಪಿನ ಹಳೆಯ ಶಾಸ್ತ್ರಕಾರರು 'ಸಂಗೀತದೊಳಗಿನ ಸೈತಾನ' ಎಂದು ಕರೆದಿದ್ದರು. ನಮ್ಮ ಲೆಕ್ಕದಲ್ಲಿ ಅದು ಷಡ್ಜದಿಂದ ಪ್ರತಿಮಧ್ಯಮಕ್ಕೆ ಇರುವ ದೂರ, ಅಷ್ಟೆ. ಮದುವೆ ಮನೆಯ ನಾಗಸ್ವರದಲ್ಲಿ ಕಲ್ಯಾಣಿ ಕೇಳಿಕೊಂಡು ಪಾಯಸ ಉಂಡವರಿಗೆ ಆ ಸೈತಾನ ಸ್ವಲ್ಪ ಪರಿಚಿತನ ಹಾಗೇ ಕಾಣುತ್ತಾನೆ. ಸ್ವರಾಂತರಗಳಲ್ಲಿ ಹುಟ್ಟಿನಿಂದಲೇ ಭಯ ಇರುತ್ತದೆ ಎಂಬುದನ್ನು ನಾನು ಈ ಕಾರಣಕ್ಕೇ ನಂಬುವುದಿಲ್ಲ.

ನ್ಯೂಯಾರ್ಕಿನ ಸೂಯಿಸೈಡ್ ಎಂಬ ಇಬ್ಬರ ತಂಡದ 1977ರ 'ಫ್ರ್ಯಾಂಕಿ ಟಿಯರ್‌ಡ್ರಾಪ್' ಇದಕ್ಕಿಂತ ಗಟ್ಟಿ ಪಿಂಡ. ಇಪ್ಪತ್ತರ ಕಾರ್ಖಾನೆ ಹುಡುಗನೊಬ್ಬ ಹೊಟ್ಟೆಪಾಡು ಸಾಗದೆ ಮಗುವನ್ನು, ಹೆಂಡತಿಯನ್ನು ಕೊಂದು ತಾನೂ ಸಾಯುವ ಹತ್ತು ನಿಮಿಷದ ಕಥೆ. ಅಲನ್ ವೇಗಾ ಅದರಲ್ಲಿ ಇದ್ದಕ್ಕಿದ್ದಂತೆ ಕಿರುಚುವುದನ್ನು ಕತ್ತಲಲ್ಲಿ ಹೆಡ್‌ಫೋನ್ ಹಾಕಿ ಕೇಳಿದ ಯಾರೂ ಮರೆಯಲಾರರು. ಮೊದಲ ಸಲ ನಾನು ಹೆಡ್‌ಫೋನ್ ಕಿತ್ತೆಸೆದೆ. ಎರಡನೆಯ ಸಲ ಕಿರುಚು ಬರುವ ಮೊದಲೇ ವಾಲ್ಯೂಮ್ ಇಳಿಸಿದೆ. ಮೂರನೆಯ ಸಲಕ್ಕೆ ಅದೊಂದು ಒಳ್ಳೆಯ ನಟನೆ ಎನಿಸಿತು. ಬೆಚ್ಚಿಬೀಳುವುದು ಬೇರೆ, ಹೆದರುವುದು ಬೇರೆ.

ಬಿಲ್ಲಿ ಹಾಲಿಡೇ 1939ರಲ್ಲಿ ಹಾಡಿದ 'ಸ್ಟ್ರೇಂಜ್ ಫ್ರೂಟ್'ನಲ್ಲಿ ಕಿರುಚು ಇಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಗುಂಪುಗಳು ಕರಿಯರನ್ನು ಹೊಡೆದು ಮರಕ್ಕೆ ನೇತುಹಾಕುತ್ತಿದ್ದುದರ ಬಗ್ಗೆ ಶಾಲಾ ಮೇಷ್ಟರೊಬ್ಬರು, ಅಬೆಲ್ ಮೀರೊಪೋಲ್, ಬರೆದ ಹಾಡು ಅದು. ಆಕೆಯ ಕಂಪನಿ ಕೊಲಂಬಿಯಾ ಅದನ್ನು ಧ್ವನಿಮುದ್ರಿಸಲು ಒಪ್ಪದೆ, ಕೊಮಡೋರ್ ಎಂಬ ಸಣ್ಣ ಕಂಪನಿಯಿಂದ ಬಂತು. ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ಆಕೆ ಇದನ್ನು ಹಾಡುವಾಗ ಸಪ್ಲೈಯರುಗಳು ಕೆಲಸ ನಿಲ್ಲಿಸುತ್ತಿದ್ದರು, ದೀಪಗಳೆಲ್ಲ ಆರಿ ಆಕೆಯ ಮುಖದ ಮೇಲೆ ಒಂದೇ ಒಂದು ಬೆಳಕು ಉಳಿಯುತ್ತಿತ್ತು. ರೆಕಾರ್ಡಿನಲ್ಲಿ ಕೇಳಿದರೆ ಆಕೆ ಆ ಮಾತುಗಳನ್ನು ಮಾರುಕಟ್ಟೆಯಲ್ಲಿ ಹಣ್ಣಿನ ಬಗ್ಗೆ ಹೇಳಿದಷ್ಟೇ ತಣ್ಣಗೆ ಹೇಳುತ್ತಾರೆ. ಇದು ಹೆದರಿಸುತ್ತದೆ. ಆದರೆ ಇಲ್ಲಿ ಭಯ ಇರುವುದು ರೆಕಾರ್ಡಿನ ಆಚೆಗೆ, ನಿಜವಾದ ಊರುಗಳಲ್ಲಿ, ನಿಜವಾದ ಮರಗಳಲ್ಲಿ. ನಾನು ಹೇಳಹೊರಟಿರುವುದು ರೆಕಾರ್ಡಿನ ಒಳಗೇ ಕೂತಿರುವ ಭಯದ ಬಗ್ಗೆ.

ಅದರ ಅತ್ಯುತ್ತಮ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1949ರ 'ಮಹಲ್', ಬಾಂಬೆ ಟಾಕೀಸ್‌ನ ಚಿತ್ರ, ಕಮಾಲ್ ಅಮ್ರೋಹಿ ನಿರ್ದೇಶನ. ಹಳೆಯ ಮಹಲಿಗೆ ಬಂದ ನಾಯಕನಿಗೆ ಎಲ್ಲಿಂದಲೋ ಹೆಣ್ಣಿನ ಹಾಡು ಕೇಳುತ್ತದೆ. ಖೇಮ್‌ಚಂದ್ ಪ್ರಕಾಶ್ ಸಂಗೀತದ 'ಆಯೇಗಾ ಆನೇವಾಲಾ'. ಹಾಡಿದ ಲತಾ ಮಂಗೇಶ್ಕರ್‌ಗೆ ಆಗ ಇಪ್ಪತ್ತರ ಆಸುಪಾಸು. ದನಿ ದೂರದಿಂದ ಹತ್ತಿರಕ್ಕೆ ಬರುವ ಹಾಗೆ ಕೇಳಬೇಕಿತ್ತು. ಹಾಡುವವರನ್ನೂ ನುಡಿಸುವವರನ್ನೂ ಬೇರೆ ಬೇರೆ ಹಿಡಿದು ಆಮೇಲೆ ಜೋಡಿಸುವ ಅನುಕೂಲ ಆಗ ಇಲ್ಲ. ಹಾಗಾಗಿ ಮೈಕನ್ನು ಕೋಣೆಯ ನಡುವೆ ನಿಲ್ಲಿಸಿ, ಲತಾರನ್ನು ಮೂಲೆಯಲ್ಲಿ ನಿಲ್ಲಿಸಿದರು. ತಾಳವಿಲ್ಲದ ಆ ಮೊದಲ ಸಾಲುಗಳನ್ನು ಹಾಡುತ್ತಾ ಆಕೆ ನಿಧಾನಕ್ಕೆ ಹೆಜ್ಜೆ ಇಡುತ್ತಾ ಬಂದರು. ಪಲ್ಲವಿ ಶುರುವಾಗುವ ಹೊತ್ತಿಗೆ ಮೈಕಿನ ಮುಂದೆ ಇದ್ದರು.

ಬರೀ ದನಿ ಸಣ್ಣದು ಮಾಡಿ ದೊಡ್ಡದು ಮಾಡಿದ್ದರೆ ಈ ಪರಿಣಾಮ ಸಿಗುತ್ತಿರಲಿಲ್ಲ. ಹಾಡುವವರು ದೂರ ಇದ್ದಾಗ ಮೈಕಿಗೆ ಬರುವುದರಲ್ಲಿ ಗೋಡೆ, ಸೂರು, ನೆಲಕ್ಕೆ ತಾಗಿ ಬಂದ ದನಿಯೇ ಹೆಚ್ಚು. ಹತ್ತಿರ ಬಂದಂತೆ ಗೋಡೆಯ ಪಾಲು ಇದ್ದಷ್ಟೇ ಇದ್ದು, ಬಾಯಿಂದ ನೇರ ಬಂದ ದನಿ ಅದನ್ನು ಮೀರುತ್ತದೆ. ನಮ್ಮ ಕಿವಿ ದೂರವನ್ನು ಅಳೆಯುವುದು ಬಹುಮಟ್ಟಿಗೆ ಈ ಪ್ರಮಾಣದಿಂದ. ಕಾಡಿನಲ್ಲಿ, ಕತ್ತಲಲ್ಲಿ, ಯಾರು ಎಷ್ಟು ಹತ್ತಿರ ಬಂದರು ಎಂದು ತಿಳಿಯಲು ಬೆಳೆದ ಕಿವಿ ಅದು. ವಾಲ್ಯೂಮ್ ತಿರುಗಿಸಿ ಅದನ್ನು ಏಮಾರಿಸಲು ಆಗುವುದಿಲ್ಲ. 'ಮಹಲ್' ರೆಕಾರ್ಡಿನಲ್ಲಿ ಅದಕ್ಕೆ ಸಿಗುವುದು ನಿಜವಾದ ಸುದ್ದಿ: ಒಬ್ಬಾಕೆ ನಿನ್ನ ಕಡೆಗೆ ನಡೆದು ಬರುತ್ತಿದ್ದಾಳೆ. ಎಪ್ಪತ್ತೈದು ವರ್ಷ ಕಳೆದರೂ ಪ್ರತಿ ಸಲ ಹಾಕಿದಾಗ ಆಕೆ ಅದೇ ಮೂಲೆಯಿಂದ ಹೊರಡುತ್ತಾಳೆ.

ಆ ರೆಕಾರ್ಡಿನ ಮೇಲೆ ಹಾಡಿದವರ ಹೆಸರು 'ಕಾಮಿನಿ' ಎಂದಿತ್ತು. ಚಿತ್ರದಲ್ಲಿ ಮಧುಬಾಲಾ ಮಾಡಿದ ಪಾತ್ರದ ಹೆಸರದು. ಆ ಕಾಲದಲ್ಲಿ ಹಾಗೆ ಹಾಕುವುದಿತ್ತು. ಹಾಡಿದ್ದು ಯಾರು ಎಂದು ಕೇಳಿ ರೇಡಿಯೊಕ್ಕೆ ಕಾಗದದ ಮೇಲೆ ಕಾಗದ ಬಂದ ಮೇಲೆ ಕಂಪನಿಯಿಂದ ಹೆಸರು ತಿಳಿದು ಹೇಳಬೇಕಾಯಿತು. ಅಂದರೆ ಕೆಲವು ಕಾಲ ದೇಶದ ತುಂಬ ಒಂದು ದನಿ ತಿರುಗಾಡುತ್ತಿತ್ತು, ಅದಕ್ಕೆ ಇದ್ದದ್ದು ಇಲ್ಲದ ಹೆಂಗಸಿನ ಹೆಸರು. ಖೇಮ್‌ಚಂದ್ ಪ್ರಕಾಶ್ ಚಿತ್ರ ಬಂದ ಆಸುಪಾಸಿನಲ್ಲೇ ತೀರಿಕೊಂಡರು. ಚಿತ್ರದ ಕೊನೆಗೆ ಆ ದೆವ್ವ ದೆವ್ವವೇ ಅಲ್ಲ, ಮಹಲಿನ ತೋಟದ ಮಾಲಿಯ ಮಗಳು ಎಂದು ತಿಳಿಯುತ್ತದೆ. ಹಾಡಿಗೆ ಮಾತ್ರ ಆ ವಿಷಯ ಯಾರೂ ಹೇಳಿದ ಹಾಗಿಲ್ಲ.

ಇದರ ಪಕ್ಕದಲ್ಲೇ ಇಡಬಹುದಾದ ಒಂದು ತಮಾಷೆ ಕಥೆಯೂ ಇದೆ. 1964ರ 'ವೋ ಕೌನ್ ಥೀ' ಚಿತ್ರದ 'ನೈನಾ ಬರ್ಸೆ' ಹಾಡಿನ ಚಿತ್ರೀಕರಣದ ಹೊತ್ತಿಗೆ ಲತಾರ ಧ್ವನಿಮುದ್ರಣ ಆಗಿರಲಿಲ್ಲ. ಸಂಗೀತ ನಿರ್ದೇಶಕ ಮದನ್ ಮೋಹನ್ ತಾವೇ ಹಾಡಿ ಕೊಟ್ಟ ಟೇಪು ಹಾಕಿಕೊಂಡು ಶೂಟಿಂಗ್ ಮಾಡಿದರು. ಬಿಳಿ ಸೀರೆಯ ಸಾಧನಾ ತುಟಿ ಆಡಿಸಿದರೆ ಗಂಡಸಿನ ದನಿ ಬರುತ್ತಿದ್ದುದನ್ನು ಕಂಡು ನೋಡಲು ನೆರೆದಿದ್ದ ಜನ ಕಕ್ಕಾಬಿಕ್ಕಿಯಾದರಂತೆ. ಸಿನಿಮಾದ ಎಲ್ಲ ದೃಶ್ಯಗಳಿಗಿಂತ ಹೆದರಿಕೆ ಹುಟ್ಟಿಸುವ ದೃಶ್ಯ ಆ ಜನರಿಗೇ ಸಿಕ್ಕಿತು ಎಂದು ನನಗೆ ಅಸೂಯೆ.

ಕರೆದದ್ದಕ್ಕೆ ನಡೆದು ಬಂದ ದನಿಯಾಯಿತು. ಕರೆಯದೆ ಬರುವ ದನಿಗಳೂ ಇವೆ. ಲೆಡ್ ಜೆಪ್ಲಿನ್ ತಂಡದ 1969ರ 'ಹೋಲ್ ಲಾಟಾ ಲವ್' ಹಾಡಿನ ಕೊನೆಯ ಭಾಗದಲ್ಲಿ ವಾದ್ಯಗಳೆಲ್ಲ ನಿಂತು ರಾಬರ್ಟ್ ಪ್ಲಾಂಟ್ ಒಂದು ಸಾಲನ್ನು ಬಿಡಿಬಿಡಿಯಾಗಿ ಹಾಡುತ್ತಾನೆ. ಅವನು ಬಾಯಿ ತೆರೆಯುವ ಮುಂಚೆ ಅದೇ ಸಾಲು, ಅದೇ ದನಿ, ಬಾವಿಯ ತಳದಿಂದ ಬಂದ ಹಾಗೆ ಒಮ್ಮೆ ಕೇಳಿಸುತ್ತದೆ. ಮೊದಲು ಹಾಡಿದ ಒಂದು ಆವೃತ್ತಿ ಟೇಪಿನಲ್ಲಿ ಸೋರಿಕೊಂಡು ಉಳಿದುಬಿಟ್ಟಿತ್ತು. ಮಿಕ್ಸ್ ಮಾಡುವಾಗ ಎಂಜಿನಿಯರ್ ಎಡ್ಡಿ ಕ್ರೇಮರ್ ಮತ್ತು ಜಿಮ್ಮಿ ಪೇಜ್ ಎಷ್ಟು ಗುದ್ದಾಡಿದರೂ ಅದು ಹೋಗಲಿಲ್ಲ. ಹೋಗದಿದ್ದರೆ ಇರಲಿ ಎಂದು ಅದಕ್ಕಿಷ್ಟು ಪ್ರತಿಧ್ವನಿ ಸುರಿದು ಹಾಗೇ ಬಿಟ್ಟರು. ಮಾರ್ದನಿ ಅಂದರೆ ದನಿಯ ಹಿಂದೆ ಬರುವುದು. ಮುಂದೆ ಬರುವುದಕ್ಕೆ ನಮ್ಮ ಭಾಷೆಯಲ್ಲಿ ಪದವಿಲ್ಲ.

ಟೇಪು ಬಳಸಿದವರಿಗೆ ಇದರ ಇನ್ನೊಂದು ರೂಪ ಗೊತ್ತಿರುತ್ತದೆ. ಕ್ಯಾಸೆಟ್ಟಿನ ಟೇಪು ಸುರುಳಿ ಸುತ್ತಿಕೊಂಡಿರುತ್ತದೆ, ಒಂದು ಪದರದ ಮೇಲೆ ಇನ್ನೊಂದು ಪದರ. ಜೋರಾದ ದನಿ ಇರುವ ಪದರದ ಕಾಂತತ್ವ ಪಕ್ಕದ ಪದರಕ್ಕೆ ಸ್ವಲ್ಪ ಅಂಟಿಕೊಳ್ಳುತ್ತದೆ. ಆ ಪಕ್ಕದ ಪದರದಲ್ಲಿ ಮೌನವಿದ್ದರೆ ಅಂಟಿದ್ದು ಕೇಳಿಸುತ್ತದೆ. ಕ್ಯಾಸೆಟ್ಟು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಒಂದು ಸುತ್ತು ಮುಗಿಯಲು ಎರಡು ಮೂರು ಸೆಕೆಂಡು. ಹಾಗಾಗಿ ಮಾತು ಶುರುವಾಗುವ ಎರಡು ಮೂರು ಸೆಕೆಂಡು ಮೊದಲು ಅದೇ ಮಾತು ತೆಳ್ಳಗೆ ಬಂದು ಹೋಗುತ್ತದೆ. 60 ನಿಮಿಷದ ಕ್ಯಾಸೆಟ್ಟಿಗಿಂತ 90ರದ್ದರಲ್ಲಿ ಟೇಪು ತೆಳು, ಆದ್ದರಿಂದ ಕಾಟ ಹೆಚ್ಚು.

ನಮ್ಮ ಮನೆಯಲ್ಲಿ ಇದ್ದದ್ದೆಲ್ಲ 90ರವೇ. ಅಪ್ಪಯ್ಯ ಬಹ್ರೇನಿನಲ್ಲಿ ಹೋಟೆಲ್ ಕೆಲಸಕ್ಕಿದ್ದರು. ಫೋನು ದುಬಾರಿ, ಅಮ್ಮನಿಗೆ ಬರೆಯುವುದೆಂದರೆ ಬೇಸರ. ಊರಿನವರು ಯಾರಾದರೂ ಆ ಕಡೆ ಹೊರಟರೆ ಅವರ ಕೈಯಲ್ಲಿ ಉಪ್ಪಿನಕಾಯಿ ಬಾಟಲಿಯ ಜೊತೆ ಒಂದು ಕ್ಯಾಸೆಟ್ಟು ಹೋಗುತ್ತಿತ್ತು. ಅಪ್ಪಯ್ಯನೇ ತಂದ ಟೂ-ಇನ್-ಒನ್‌ನಲ್ಲಿ ಅಮ್ಮ ಎರಡು ಗುಂಡಿ ಒಟ್ಟಿಗೆ ಒತ್ತಿ, ಕೆಂಪು ದೀಪ ಬಂತಾ ಎಂದು ನೋಡಿ, ಸೆರಗು ಸರಿ ಮಾಡಿಕೊಂಡು, ಕಡೆಗೆ ಶುರು ಮಾಡುತ್ತಿದ್ದಳು: "ಹ್ವಾಯ್, ಕೇಂತಾ?" ಹೊಸ ಕ್ಯಾಸೆಟ್ಟು ಸಿಗದಿದ್ದಾಗ ಹಾಡಿನ ಕ್ಯಾಸೆಟ್ಟಿನ ಮೇಲೇ ಮಾತಾಡುತ್ತಿದ್ದಳು. ಕೊಟ್ಟಿಗೆ ಸೋರುವುದು, ನನ್ನ ಪರೀಕ್ಷೆ, ಅಮ್ಮಮ್ಮನ ಮಂಡಿನೋವು ಎಲ್ಲ ಹೇಳಿ ಮುಗಿಸಿ ಗುಂಡಿ ಒತ್ತಿದರೆ, ಕಟಕ್ ಎಂದು, ಎಸ್. ಜಾನಕಿಯವರ ದನಿ ಚರಣದ ನಟ್ಟನಡುವಿನಿಂದ ಎದ್ದು ಬರುತ್ತಿತ್ತು. ಇಷ್ಟು ಹೊತ್ತೂ ಅವರು ಕೆಳಗೆ ಹಾಡುತ್ತಲೇ ಇದ್ದರು, ಅಮ್ಮ ಮಾತು ಮುಗಿಸಲಿ ಎಂದು ಕಾಯುತ್ತಿದ್ದರು ಎಂದು ನಾನು ಬಹುಕಾಲ ತಿಳಿದಿದ್ದೆ.

ಅಪ್ಪಯ್ಯ ಊರಿಗೆ ವಾಪಸು ಬಂದಾಗ ಆ ಕ್ಯಾಸೆಟ್ಟುಗಳನ್ನೂ ತಂದರು. ಅಮ್ಮ ಹೋಗಿ ಈಗ ಹದಿನೈದು ವರ್ಷದ ಮೇಲಾಯಿತು. ಉಳಿದಿರುವುದು ಒಂದೇ ಕ್ಯಾಸೆಟ್ಟು. ಅದನ್ನು ನಾನು ಹಾಕಿದ್ದು ಆಕೆಯ ವರ್ಷಾಂತಿಕ ಕಳೆದ ಮೇಲೆ ಒಮ್ಮೆ. ಟೇಪು ಓಡುವ ಸದ್ದು, ಮೌನ, ಆ ಮೌನದೊಳಗೆ ಸೊಳ್ಳೆ ಹಾರಿದಷ್ಟು ಸಣ್ಣಗೆ "ಹ್ವಾಯ್". ಎರಡು ಮೂರು ಸೆಕೆಂಡು. ಆಮೇಲೆ ನಿಜವಾದ "ಹ್ವಾಯ್, ಕೇಂತಾ?" ಅಡುಗೆಮನೆಯಲ್ಲಿದ್ದ ಅಪ್ಪಯ್ಯ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. "ಕೇಂತ್, ಹೇಳ್" ಎಂದರು. ಅದು ಅಭ್ಯಾಸಬಲ. ಬಹ್ರೇನಿನ ರೂಮಿನಲ್ಲಿ ಪ್ರತಿ ಸಲ ಹಾಗೇ ಅನ್ನುತ್ತಿದ್ದೆ ಎಂದು ಆಮೇಲೆ ಹೇಳಿದರು. ಅವರು ಎರಡನೆಯ ಕರೆಗೆ ಓಗೊಟ್ಟರೋ ಮೊದಲನೆಯದಕ್ಕೋ ನನಗೆ ತಿಳಿಯಲಿಲ್ಲ.

ಈ ಅಂಟುದನಿಯ ಬಗ್ಗೆ ಇನ್ನೊಂದು ಸಂಗತಿ ಇದೆ. ಟೇಪನ್ನು ಹಾಕದೆ ಇಟ್ಟಷ್ಟೂ ಅದು ಬಲವಾಗುತ್ತದೆ. ಸೆಖೆ ಇದ್ದರಂತೂ ಇನ್ನೂ ಬೇಗ. ಆಗಾಗ ಸುತ್ತಿ ಬಿಚ್ಚಿ ಮಾಡಿದರೆ ಸ್ವಲ್ಪ ಇಳಿಯುತ್ತದೆ. ದೊಡ್ಡ ಸ್ಟುಡಿಯೊಗಳು ಟೇಪುಗಳನ್ನು ಹಿಂದಕ್ಕೆ ಸುತ್ತದೆ, ಕೊನೆ ಹೊರಗಿರುವಂತೆ ಇಡುತ್ತಿದ್ದವು. ಹಾಗೆ ಮಾಡಿದರೆ ಅಂಟಿದ ದನಿಯ ಹೆಚ್ಚಿನ ಪಾಲು ನಿಜದ ದನಿಯ ಹಿಂದೆ ಬೀಳುತ್ತದೆ, ಕೇಳುವವರು ಅದನ್ನು ಮಾರ್ದನಿ ಎಂದುಕೊಂಡು ಸುಮ್ಮನಾಗುತ್ತಾರೆ. ನಮ್ಮ ಕ್ಯಾಸೆಟ್ಟು ಕರಾವಳಿಯ ಸೆಖೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ, ಪೂರ್ತಿ ಹಿಂದಕ್ಕೆ ಸುತ್ತಿ ಇಟ್ಟದ್ದು ಹಾಗೇ ಇದೆ. ಒಳಗೆ ಆ ಮೊದಲಿನ "ಹ್ವಾಯ್" ವರ್ಷ ವರ್ಷ ದಪ್ಪವಾಗುತ್ತಿದೆ.

ಬೀಟಲ್ಸ್ ಬಗ್ಗೆ ಹೇಳದೆ ಇಂಥ ಬರಹ ಮುಗಿಸಿದರೆ ಓದುವವರು ಬಿಡುವುದಿಲ್ಲ. 'ಸ್ಟ್ರಾಬೆರಿ ಫೀಲ್ಡ್ಸ್' ಹಾಡಿನ ಕೊನೆಯಲ್ಲಿ ಲೆನನ್ ಗೊಣಗಿದ ಒಂದು ತಿಂಡಿ ಪದಾರ್ಥದ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡ ಜನ ಪಾಲ್ ಮೆಕಾರ್ಟ್ನಿ ಸತ್ತೇಹೋಗಿದ್ದಾನೆ ಎಂದು 1969ರಲ್ಲಿ ಎಬ್ಬಿಸಿದ ಗುಲ್ಲು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ನನ್ನನ್ನು ಕಾಡುವುದು 1967ರ 'ಎ ಡೇ ಇನ್ ದ ಲೈಫ್'. ಹಾಡಿನ ನಡುವೆ 24 ಬಾರ್‌ಗಳಷ್ಟು ಜಾಗ ಖಾಲಿ ಬಿಟ್ಟಿದ್ದರು. ಅದನ್ನು ತುಂಬಲು ಫೆಬ್ರವರಿ 10ರ ರಾತ್ರಿ 40 ಮಂದಿ ಆರ್ಕೆಸ್ಟ್ರಾ ವಾದಕರನ್ನು ಕರೆಸಿದರು. ಸಂಜೆಯ ಔತಣದ ಸೂಟು ತೊಟ್ಟು ಬಂದ ಆ ಘನಸ್ಥರಿಗೆ ಕೋಡಂಗಿ ಮೂಗು, ಗೊರಿಲ್ಲಾ ಪಂಜ ಹಂಚಿ ತಮಾಷೆಯ ವಾತಾವರಣ ಮಾಡಿದರು. ಜಾರ್ಜ್ ಮಾರ್ಟಿನ್ ಕೊಟ್ಟ ಸೂಚನೆ ಮಾತ್ರ ತಮಾಷೆಯದಲ್ಲ. ನಿಮ್ಮ ವಾದ್ಯದ ಅತ್ಯಂತ ಕೆಳಗಿನ ಸ್ವರದಿಂದ ಹೊರಟು 24 ಬಾರ್ ಮುಗಿಯುವಷ್ಟರಲ್ಲಿ ಮೇಲಿನ ಸ್ವರ ಮುಟ್ಟಿ. ಹೇಗೆ ಹತ್ತುತ್ತೀರೋ ನಿಮಗೆ ಬಿಟ್ಟದ್ದು. ಪಕ್ಕದವನು ಏನು ನುಡಿಸುತ್ತಿದ್ದಾನೆಂದು ಮಾತ್ರ ಕೇಳಬೇಡಿ.

ಜೀವಮಾನವಿಡೀ ಪಕ್ಕದವರನ್ನು ಕೇಳಿಕೊಂಡು ನುಡಿಸಲು ಕಲಿತ 40 ಜನ ಒಟ್ಟಿಗೆ ಕಿವಿ ಮುಚ್ಚಿಕೊಂಡು ಮೇಲೇರಿದರೆ ಏನು ಕೇಳಿಸುತ್ತದೋ ಅದು ಆ ಹಾಡಿನಲ್ಲಿದೆ. ಅದನ್ನು ಅಪಸ್ವರ ಎಂದು ಕರೆಯಲು ನನಗೆ ಮನಸ್ಸಿಲ್ಲ. ಸಂತೆಯಲ್ಲಿ ಜಗಳ ಶುರುವಾಗಿ ಜನ ಓಡಲು ತೊಡಗಿದಾಗ ಹೀಗೊಂದು ಸದ್ದು ಇರುತ್ತದೆ. ಹಾಡಿನ ಕೊನೆಯ ಪಿಯಾನೊ ನಾದ ಬೇರೆಯೇ ಥರದ್ದು. ಹಲವರು ಒಟ್ಟಿಗೆ ಹಲವು ಪಿಯಾನೊಗಳ ಮೇಲೆ ಬೀಳಿಸಿದ ಆ ನಾದ 40 ಸೆಕೆಂಡಿಗೂ ಮೀರಿ ಉಳಿಯುತ್ತದೆ. ನಾದ ಅಡಗುತ್ತಾ ಹೋದಂತೆ ಎಂಜಿನಿಯರ್ ಮೈಕಿನ ಶಕ್ತಿ ಏರಿಸುತ್ತಾ ಹೋದ. ಕಡೆಗೆ ಪಿಯಾನೊ ಸತ್ತು, ಕೋಣೆಯೇ ಕೇಳಿಸತೊಡಗುತ್ತದೆ. ಯಾರದೋ ಕುರ್ಚಿ ಕಿರ್ರ್ ಎನ್ನುತ್ತದೆ. ಆ ಪುಟ್ಟ ಸದ್ದಿಗೆ ಬೆಚ್ಚಿದಷ್ಟು ನಾನು 40 ಜನರ ಆರ್ಭಟಕ್ಕೆ ಬೆಚ್ಚಿಲ್ಲ. ಸಂಗೀತ ಮುಗಿದ ಮೇಲೂ ಅವರೆಲ್ಲ ಉಸಿರು ಹಿಡಿದು ಅಲ್ಲೇ ಕೂತಿದ್ದಾರೆ ಎಂದು ಅದು ಹೇಳಿಬಿಡುತ್ತದೆ.

ಇನ್ನು ಮೆರ್ರಿ ಕ್ಲೇಟನ್. ರೋಲಿಂಗ್ ಸ್ಟೋನ್ಸ್ ತಂಡದ 1969ರ 'ಗಿಮ್ಮಿ ಶೆಲ್ಟರ್' ಯುದ್ಧಕಾಲದ ಹಾಡು, ವಿಯೆಟ್ನಾಂ ಅದರ ಹಿಂದೆ ಉರಿಯುತ್ತಿತ್ತು. ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ಅದಕ್ಕೊಂದು ಹೆಣ್ಣುದನಿ ಬೇಕೆನಿಸಿದ್ದು ನಡುರಾತ್ರಿಯ ಹೊತ್ತಿಗೆ. ಫೋನು ಹೋದದ್ದು ಮಲಗಲು ಹೊರಟಿದ್ದ ಇಪ್ಪತ್ತರ ಕ್ಲೇಟನ್‌ಗೆ. ಆಕೆ ಗರ್ಭಿಣಿ. ತಲೆಗೂದಲಿಗೆ ಕರ್ಲರ್ ಸುತ್ತಿದ್ದು ಸುತ್ತಿದ ಹಾಗೇ, ರಾತ್ರಿ ಉಡುಪಿನ ಮೇಲೆ ಕೋಟು ಹಾಕಿಕೊಂಡು ಬಂದರು. ಹಾಡಬೇಕಾದ ಸಾಲು ಓದಿದರೆ ಅದು ಅತ್ಯಾಚಾರ ಮತ್ತು ಕೊಲೆಯ ಬಗ್ಗೆ. ಕೆಲವೇ ಟೇಕುಗಳಲ್ಲಿ ಮುಗಿಸಿ ಮನೆಗೆ ಹೋದರು. ಆ ಟೇಕಿನಲ್ಲಿ, ಹಾಡು ಶುರುವಾಗಿ ಮೂರು ನಿಮಿಷದ ಹೊತ್ತಿಗೆ, ಆಕೆಯ ದನಿ ಎರಡು ಕಡೆ ಒಡೆಯುತ್ತದೆ. ಎರಡನೆಯ ಸಲ ಒಡೆಯುವುದು ಕೊಲೆ ಎಂಬ ಪದದ ಮೇಲೇ. ಅದರ ಹಿಂದೆಯೇ ಮಿಕ್ ಜಾಗರ್ ತನಗೇ ಗೊತ್ತಿಲ್ಲದ ಹಾಗೆ ಹೋ ಎಂದು ಕೂಗಿದ್ದು ರೆಕಾರ್ಡಿನಲ್ಲಿ ಉಳಿದಿದೆ. ಅಮ್ಮಮ್ಮನ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಅವನು ಓಗೊಟ್ಟುಬಿಟ್ಟ.

ಮನೆಗೆ ಮರಳಿದ ಮೇಲೆ ಕ್ಲೇಟನ್‌ಗೆ ಗರ್ಭಪಾತವಾಯಿತು. ಆ ರಾತ್ರಿಯ ದಣಿವಿಗೂ ಅದಕ್ಕೂ ಗಂಟು ಹಾಕಿ ಬರೆದವರು ಬಹಳ ಜನ. ಹಾಗೆ ಗಂಟು ಹಾಕುವ ಅಧಿಕಾರ ಆಕೆಗೆ ಮಾತ್ರ ಇರುವುದು. ನನ್ನ ತೊಡಕು ಬೇರೆ. ಈ ಸಂಗತಿ ತಿಳಿಯುವ ಮೊದಲು ಎಷ್ಟೋ ವರ್ಷ ಆ ಒಡೆದ ದನಿಗಾಗಿಯೇ ಈ ಹಾಡನ್ನು ಹಾಕುತ್ತಿದ್ದೆ. ಮೈ ಜುಮ್ಮೆನ್ನುತ್ತಿತ್ತು. ಗೆಳೆಯರಿಗೆ "ಈಗ ಬರುತ್ತೆ, ಈಗ ಬರುತ್ತೆ" ಎಂದು ಬೆರಳೆತ್ತಿ ಕೇಳಿಸುತ್ತಿದ್ದೆ. ತಿಳಿದ ಮೇಲೂ ಮೈ ಜುಮ್ಮೆನ್ನುವುದು ನಿಂತಿಲ್ಲ. ಒಬ್ಬಾಕೆಯ ಗಂಟಲು ಅದರ ಶಕ್ತಿ ಮೀರಿದ ಗಳಿಗೆ ನಮಗೆ ಸುಖ ಕೊಡುತ್ತದೆ, ಎಷ್ಟು ಸಲ ಬೇಕಾದರೂ ಕೊಡುತ್ತದೆ. ಯಕ್ಷಗಾನದ ಭಾಗವತರ ದನಿ ಬೆಳಗಿನ ಜಾವ ಒಡೆದಾಗಲೂ ನಾವು ತಲೆದೂಗುತ್ತೇವೆ, ಆದರೆ ಅಲ್ಲಿ ಅವರ ಮುಖ ಕಾಣುತ್ತಿರುತ್ತದೆ, ಬೆಳಗಾದರೆ ಒಟ್ಟಿಗೆ ಕೂತು ಚಾ ಕುಡಿಯುತ್ತೇವೆ. ಇಲ್ಲಿ ಅದು ಆ ಒಂದು ರಾತ್ರಿಯಲ್ಲೇ ಸಿಕ್ಕಿಹಾಕಿಕೊಂಡಿದೆ.

ಆಲ್ಬಮ್ಮಿನ ಹೊದಿಕೆಯ ಮೇಲೆ ಆಕೆಯ ಹೆಸರಿನ ಕಾಗುಣಿತವನ್ನೂ ಸರಿಯಾಗಿ ಹಾಕಲಿಲ್ಲ. 'ಮೇರಿ' ಎಂದು ಅಚ್ಚಾಯಿತು. ಹೀಗೆ ಒಂದು ರಾತ್ರಿಗೆ ಬಂದು ಹೋದ ಹೆಣ್ಣುದನಿಗಳ ಲೆಕ್ಕ ಯಾವಾಗಲೂ ಹೀಗೇ. ಪಿಂಕ್ ಫ್ಲಾಯ್ಡ್ ತಂಡದ 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಸಾವಿನ ಕುರಿತದ್ದು, ಅದರಲ್ಲಿ ಹಾಡಲು ಮಾತೇ ಇಲ್ಲ. 1973ರ ಜನವರಿಯ ಒಂದು ಭಾನುವಾರ 25ರ ಕ್ಲೇರ್ ಟೋರಿಯನ್ನು ಕರೆಸಿ, ನಿಮ್ಮ ದನಿಯನ್ನೇ ವಾದ್ಯ ಮಾಡಿಕೊಂಡು ಏನಾದರೂ ಮಾಡಿ ಎಂದರು. ಆಕೆ ಅತ್ತರು, ಕೂಗಿದರು, ಬೇಡಿದರು, ಕಡೆಗೆ ಪಿಸುಗುಟ್ಟಿದರು. ಮುಗಿಸಿ ಹೊರಬಂದಾಗ ತನ್ನದು ಹುಚ್ಚುಚ್ಚಾಗಿತ್ತು, ಇದನ್ನು ಬಳಸುವುದಿಲ್ಲ ಎಂದೇ ತಿಳಿದಿದ್ದರು. ಸಂಭಾವನೆ 30 ಪೌಂಡು. ಅಂಗಡಿಯಲ್ಲಿ ಆಲ್ಬಮ್ ನೋಡಿ ಅದರ ಮೇಲೆ ತನ್ನ ಹೆಸರು ಕಂಡಾಗಲೇ ಗೊತ್ತಾದದ್ದು. 2004ರಲ್ಲಿ ಮೊಕದ್ದಮೆ ಹೂಡಿ, ಮರುವರ್ಷ ರಾಜಿಯಾಗಿ, ಈಗ ಆ ಹಾಡನ್ನು ರಚಿಸಿದವರ ಜೊತೆ ಆಕೆಯ ಹೆಸರೂ ಇದೆ. ಭೂತ ಕೋರ್ಟಿಗೆ ಬಂದು ಪಾಲು ಕೇಳಿ ಪಡೆದುಕೊಂಡ ಅಪರೂಪದ ಪ್ರಸಂಗ ಎಂದು ನನಗೆ ಇದರ ಮೇಲೆ ವಿಶೇಷ ಪ್ರೀತಿ.

ಕ್ಲೇಟನ್ ಕೋರ್ಟಿಗೆ ಹೋಗಲಿಲ್ಲ. 1970ರಲ್ಲಿ ಅದೇ ಹಾಡನ್ನು ತಾನೇ ಮುಖ್ಯ ಗಾಯಕಿಯಾಗಿ ಮತ್ತೆ ಹಾಡಿ, ತನ್ನ ಆಲ್ಬಮ್ಮಿಗೂ ಅದೇ ಹೆಸರಿಟ್ಟರು. 2013ರಲ್ಲಿ ಬಂದ, ಹಿನ್ನೆಲೆಯಲ್ಲಿ ನಿಂತು ಹಾಡುವವರ ಕುರಿತ ಸಾಕ್ಷ್ಯಚಿತ್ರವೊಂದರಲ್ಲಿ, ವಾದ್ಯಗಳನ್ನೆಲ್ಲ ತೆಗೆದು ಆಕೆಯ ಅಂದಿನ ಒಂಟಿ ದನಿಯನ್ನು ಮಾತ್ರ ಹಾಕಿ ಕೇಳಿಸುತ್ತಾರೆ. ಅರವತ್ತು ದಾಟಿದ ಕ್ಲೇಟನ್ ಇಪ್ಪತ್ತರ ಕ್ಲೇಟನ್‌ಳನ್ನು ಕೇಳುತ್ತಾ ಕೂತಿರುತ್ತಾರೆ. ಹಾಡಿನ ಯಾವ ಭಾಗಕ್ಕೆ ಯಾವ ಭಾವ ಬರುತ್ತದೋ ಎಂದು ನಾನು ಆ ಮುಖವನ್ನೇ ನೋಡುತ್ತಿದ್ದೆ. ನನ್ನ ಮುಖದಲ್ಲಿ ಬರುವ ಯಾವುದೂ ಅಲ್ಲಿ ಬರಲಿಲ್ಲ. ತನ್ನದೇ ಹಳೆಯ ಅಡುಗೆಯ ರುಚಿ ನೋಡುವವರ ಹಾಗೆ, ಉಪ್ಪು ಸರಿಯಿದೆಯೋ ಇಲ್ಲವೋ ಎಂಬಂತೆ ಆಕೆ ಕೇಳುತ್ತಿದ್ದರು.

2014ರಲ್ಲಿ ಕಾರು ಅಪಘಾತವಾಗಿ ಆಕೆಯ ಎರಡೂ ಕಾಲುಗಳನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಎಚ್ಚರವಾದಾಗ ಮೊದಲು ಕೇಳಿದ್ದು ದನಿಗೆ ಏನಾದರೂ ಆಗಿದೆಯೇ ಎಂದು. 2021ರಲ್ಲಿ ಆಕೆಯ ಹೊಸ ಆಲ್ಬಮ್ ಬಂತು, 'ಬ್ಯೂಟಿಫುಲ್ ಸ್ಕಾರ್ಸ್'. ಅದನ್ನು ನಾನು ಹೆಡ್‌ಫೋನ್ ಇಲ್ಲದೆ, ಹಗಲು ಹೊತ್ತಿನಲ್ಲಿ, ಜಗಲಿಯಲ್ಲಿ ಕೂತು ಕೇಳಿದೆ. ಅಪ್ಪಯ್ಯ ಪೇಪರು ಓದುತ್ತಿದ್ದವರು ತಲೆ ಎತ್ತಿ, "ಯಾರ್ ಹಾಡುದ್?" ಎಂದರು. ಹೇಳಿದೆ. "ಪ್ರಾಯ ಆಯ್ತ್ ಕಾಂತ್" ಎಂದು ಮತ್ತೆ ಪೇಪರಿಗೆ ಇಳಿದರು.